ಪಕ್ಕದ ಮನೆಯ ಏಣಿ

ಇನ್ನೊಬ್ಬರ ವಸ್ತುವನ್ನು ತಂದು ಬಳಸಿ ಹಿಂದಿರುಗಿಸುವ ವ್ಯವಹಾರಕ್ಕೆ ಕನ್ನಡದಲ್ಲಿ ಹೆಸರುಗಳ ಕೊರತೆಯಿಲ್ಲ. ಹಳೆ ಮೈಸೂರಿನ ಕಡೆ ಅದು ‘ಎರವಲು’, ಉತ್ತರ ಕರ್ನಾಟಕದ ಕಡೆ ‘ಕಡ’. ಪತ್ರವಿಲ್ಲದೆ ಕೈಯಿಂದ ಕೈಗೆ ದಾಟುವ ಹಣ ‘ಕೈಗಡ’. ಒಬ್ಬರ ಗದ್ದೆಯಲ್ಲಿ ದುಡಿದ ದಿನಕ್ಕೆ ಪ್ರತಿಯಾಗಿ ಅವರು ಇವರ ಗದ್ದೆಗೆ ಬಂದು ದುಡಿದುಕೊಡುವುದು ‘ಮುಯ್ಯಾಳು’. ಆದರೆ ನೆರೆಮನೆಯ ಹಿತ್ತಿಲಿನಿಂದ ಕೇಳದೆ ಏಣಿಯನ್ನು ಒಯ್ದು, ಕೆಲಸ ಮುಗಿದ ಮೇಲೆ ಅಲ್ಲಿಯೇ ತಂದು ಒರಗಿಸುವ ಕ್ರಿಯೆಗೆ ಇಷ್ಟು ಹೆಸರುಗಳಲ್ಲಿ ಒಂದೂ ಹೊಂದುವುದಿಲ್ಲ. ಅದನ್ನು ಎರವಲು ಎನ್ನಲು ಏಣಿಯ ಒಡೆಯ ಒಪ್ಪುವುದಿಲ್ಲ, ಕಳವು ಎನ್ನಲು ಆತನಿಗೇ ನಾಲಿಗೆ ಏಳುವುದಿಲ್ಲ.

ಹೆಸರಿಲ್ಲದ ಈ ಜಾಗವನ್ನು ಆಡುಮಾತು ಎರಡು ಕ್ರಿಯಾಪದಗಳಿಂದ ನಿಭಾಯಿಸಿಕೊಂಡು ಬಂದಿದೆ. ‘ಕೇಳಿ’ ಒಯ್ಯುವುದು ಒಂದು, ‘ಹೇಳಿ’ ಒಯ್ಯುವುದು ಇನ್ನೊಂದು. ಕೇಳಿದವನು ಉತ್ತರಕ್ಕಾಗಿ ನಿಲ್ಲಬೇಕು, ಇಲ್ಲವೆನಿಸಿಕೊಳ್ಳುವುದಕ್ಕೂ ಸಿದ್ಧನಿರಬೇಕು. ಹೇಳುವವನಾದರೋ ಅಂಗಳದಿಂದಲೇ ಒಂದು ಕೂಗು ಹಾಕಿ, ಒಳಗಿನಿಂದ ‘ಹೂಂ’ ಎಂಬ ಸದ್ದು ಬರುವ ಮೊದಲೇ ಏಣಿಯನ್ನು ಹೆಗಲಿಗೇರಿಸಿರುತ್ತಾನೆ. ನೆರೆಯವರ ಮೇಲಿನ ದೂರನ್ನು ಗಮನವಿಟ್ಟು ಕೇಳಿದರೆ, ಅದು ಬಹುಪಾಲು ‘ಒಂದು ಮಾತು ಹೇಳಿ ತಗೊಂಡು ಹೋಗಬಾರದಿತ್ತೇ’ ಎಂಬ ರೂಪದಲ್ಲಿರುತ್ತದೆಯೇ ಹೊರತು ‘ಕೇಳಬಾರದಿತ್ತೇ’ ಎಂಬ ರೂಪದಲ್ಲಲ್ಲ. ಒಡೆಯ ಬಯಸುತ್ತಿರುವುದು ನಿರಾಕರಿಸುವ ಅಧಿಕಾರವನ್ನಲ್ಲ, ತನ್ನ ವಸ್ತು ಈ ಹೊತ್ತು ಎಲ್ಲಿದೆ ಎಂಬ ತಿಳಿವನ್ನು.

ಆ ತಿಳಿವು ತಾನಾಗಿಯೇ ಒದಗುತ್ತಿದ್ದ ವಸತಿಕ್ರಮವೊಂದು ಬೆಂಗಳೂರು, ಮೈಸೂರುಗಳ ಹಳೆಯ ಬಡಾವಣೆಗಳಲ್ಲಿತ್ತು. ‘ವಠಾರ’ವೆಂದರೆ ಒಬ್ಬನೇ ಮಾಲೀಕನ ನಿವೇಶನದಲ್ಲಿ, ನಡುವಿನ ಅಂಗಳವನ್ನೋ ಓಣಿಯನ್ನೋ ಬಳಸಿ ಸಾಲಾಗಿ ಕಟ್ಟಿದ ಸಣ್ಣ ಬಾಡಿಗೆ ಮನೆಗಳ ಗುಂಪು, ನಲ್ಲಿಯೂ ಒಗೆಯುವ ಕಲ್ಲೂ ಹಲವೆಡೆ ಪಾಯಿಖಾನೆಯೂ ಅಲ್ಲಿ ಸಾಮಾನ್ಯ ಸ್ವತ್ತು. ಇಂಥ ಕಡೆ ಒಂದು ಮನೆಯ ಸುತ್ತಿಗೆ ಇನ್ನೊಂದು ಮನೆಯಲ್ಲಿ ಸದ್ದು ಮಾಡಿದರೆ ಅದು ಇಡೀ ವಠಾರಕ್ಕೆ ಕೇಳಿಸುತ್ತಿತ್ತು. ಕಟ್ಟೆಯ ಮೇಲೆ ಕುಳಿತ ಅಜ್ಜಿಯೊಬ್ಬಳು ಯಾವ ಕೊಡ ಯಾವ ಬಾಗಿಲಿಗೆ ಹೋಯಿತೆಂಬ ಲೆಕ್ಕವನ್ನು ಯಾರೂ ಒಪ್ಪಿಸದೆಯೇ ಇಟ್ಟುಕೊಂಡಿರುತ್ತಿದ್ದಳು. ಹೇಳದೆ ಒಯ್ದರೂ ಹೇಳಿದಂತೆಯೇ ಆಗುತ್ತಿದ್ದ ಇಂಥ ವ್ಯವಸ್ಥೆಯನ್ನು ಔದಾರ್ಯವೆಂದು ಕರೆಯುವುದು ತುಸು ಅತಿಯಾದೀತು.

ಕೆಲವು ವಸ್ತುಗಳಂತೂ ಬೀದಿಗೊಂದೇ ಇರುತ್ತಿದ್ದವು. ಬಾವಿಗೆ ಬಿದ್ದ ಕೊಡಪಾನವನ್ನು ಎತ್ತಲು ಬಳಸುವ ಪಾತಾಳಗರಡಿ ಅವುಗಳಲ್ಲಿ ಒಂದು. ಕಬ್ಬಿಣದ ಬಳೆಯೊಂದರಿಂದ ಹಲವಾರು ಕೊಕ್ಕೆಗಳು ಇಳಿಬಿದ್ದಿರುವ ಈ ಸಾಧನ ವರ್ಷಕ್ಕೆ ನಾಲ್ಕಾರು ಬಾರಿಗಿಂತ ಹೆಚ್ಚು ಬೇಕಾಗುವಂಥದ್ದಲ್ಲವಾದ್ದರಿಂದ ಪ್ರತಿ ಮನೆಯೂ ಅದನ್ನು ಕೊಳ್ಳುತ್ತಿರಲಿಲ್ಲ. ಇದ್ದ ಮನೆಯವರಿಗೆ ಅದು ತಮ್ಮದು ಎಂಬುದಕ್ಕಿಂತ ಬೀದಿಯದು ಎಂಬ ಭಾವವೇ ಹೆಚ್ಚಾಗಿರುತ್ತಿತ್ತು. ಆದರೂ ಅದನ್ನು ಒಯ್ಯುವವರು ಒಂದು ಚೆಂಬನ್ನೋ ತಂಬಿಗೆಯನ್ನೋ ಗುರುತಿಗೆ ಇಟ್ಟುಹೋಗಬೇಕೆಂಬ ಕಟ್ಟಳೆ ಕೆಲವು ಮನೆಗಳಲ್ಲಿತ್ತು. ಚೆಂಬಿನ ಬೆಲೆ ಗರಡಿಯ ಬೆಲೆಗೆ ಸಮವಾಗಬೇಕೆಂದೇನೂ ಇರಲಿಲ್ಲ. ಗರಡಿ ನೇತುಹಾಕುವ ಮೊಳೆಯ ಕೆಳಗೆ ಯಾರ ಚೆಂಬು ಕುಳಿತಿದೆ ಎಂಬುದನ್ನು ನೋಡಿದರೆ ಗರಡಿ ಯಾರ ಬಾವಿಯಲ್ಲಿದೆ ಎಂಬುದು ಗೊತ್ತಾಗುತ್ತಿತ್ತು, ಅಷ್ಟೇ. ದೂರವಾಣಿ ವಿರಳವಾಗಿದ್ದ ದಶಕಗಳಲ್ಲಿ ಅರ್ಜಿಗಳ ಮೇಲೂ ಲಗ್ನಪತ್ರಿಕೆಗಳ ಮೇಲೂ ಸಂಖ್ಯೆಯ ಪಕ್ಕದಲ್ಲಿ ‘ಪಿ.ಪಿ.’ ಎಂಬ ಎರಡಕ್ಷರ ಕಾಣಿಸುತ್ತಿದ್ದುದೂ ಇದೇ ಬಗೆಯದು. ಈ ಸಂಖ್ಯೆ ನೆರೆಮನೆಯವರದು, ಕರೆದರೆ ಕೂಗಿ ಹೇಳುತ್ತಾರೆ ಎಂದು ಅದರ ಅರ್ಥ. ಸಂಖ್ಯೆಯ ಒಡೆಯರನ್ನು ಕೇಳಿಯೇ ಅದನ್ನು ಅಚ್ಚು ಹಾಕಿಸಿದವರು ಎಷ್ಟು ಮಂದಿಯೋ.

ಕೇಳದೆ ಒಯ್ಯುವುದಕ್ಕೆ ಸಂಪ್ರದಾಯವೇ ರಹದಾರಿ ಕೊಟ್ಟಿರುವ ಸಂದರ್ಭಗಳೂ ಇವೆ. ಉತ್ತರ ಕರ್ನಾಟಕದಲ್ಲಿ ಕಾಮದಹನಕ್ಕೆ ಮುಂಚಿನ ದಿನಗಳಲ್ಲಿ ಓಣಿಯ ಹುಡುಗರು ಮನೆಮನೆಯ ಹಿತ್ತಿಲಿನಿಂದ ಕುಳ್ಳು, ಕಟ್ಟಿಗೆಗಳನ್ನು ಹಾರಿಸುವುದು ಹಬ್ಬದ ಅಂಗವೇ ಆಗಿದೆ; ಮಲೆನಾಡಿನ ಸಾಗರ, ಸೊರಬದ ಕಡೆ ದೀಪಾವಳಿಯ ಬೂರೆ ಹಬ್ಬದ ರಾತ್ರಿ ತೋಟದ ಕಾಯಿಪಲ್ಯಗಳಿಗೆ ಇದೇ ಗತಿ ಒದಗುತ್ತದೆ. ಅಂದು ಬಯ್ಯುವವರಿಗೆ ಬಯ್ಯುವ ಹಕ್ಕಿದೆ, ದೂರು ಕೊಡುವ ಹಕ್ಕಿಲ್ಲ. ಗೊತ್ತಾದ ತಿಥಿಯಂದು, ಗೊತ್ತಾದ ಪದಾರ್ಥಗಳನ್ನು, ಗೊತ್ತಿರುವ ಮನೆಯ ಹುಡುಗರೇ ಒಯ್ಯುವುದರಿಂದ ಇಲ್ಲಿಯೂ ‘ಹೇಳುವ’ ಕೆಲಸವನ್ನು ಪಂಚಾಂಗ ಮೊದಲೇ ಮಾಡಿ ಮುಗಿಸಿರುತ್ತದೆ.

ಹೂವಿನ ವಿಷಯ ಇಷ್ಟು ಸರಳವಲ್ಲ. ಪೇಟೆಯ ಬಡಾವಣೆಗಳಲ್ಲಿ ನಸುಕಿನ ಹೊತ್ತಿಗೆ ಒಂದು ಕೈಯಲ್ಲಿ ಪ್ಲಾಸ್ಟಿಕ್ ಕವರು, ಇನ್ನೊಂದರಲ್ಲಿ ಕೊಕ್ಕೆ ಕಟ್ಟಿದ ಕೋಲು ಹಿಡಿದು ಕಾಂಪೌಂಡಿನ ಹೊರಗೆ ಚಾಚಿದ ದಾಸವಾಳ, ಕಣಗಿಲೆ, ನಂದಿಬಟ್ಟಲುಗಳನ್ನು ಬಿಡಿಸುವವರು ಸಾಮಾನ್ಯವಾಗಿ ಸಂಭಾವಿತರೇ. ಮೊಗ್ಗನ್ನೂ ಬಿಡದಿರುವುದು, ಗೆಲ್ಲನ್ನು ಬಗ್ಗಿಸಿ ಸೀಳುವುದು, ಗೇಟು ತೆರೆದು ಒಳಗಿನ ಗಿಡಕ್ಕೂ ಕೈ ಹಾಕುವುದು ಇವೆಲ್ಲ ಹಂತಹಂತವಾಗಿ ನಡೆಯುತ್ತವೆ. ಗೋಡೆಯಿಂದ ಆಚೆಗೆ ಬಾಗಿದ ಹೂವು ಬೀದಿಯದೆಂಬುದು ಒಯ್ಯುವವರ ವಾದವಾದರೆ, ಕದ್ದ ಹೂವಿನಿಂದ ಮಾಡಿದ ಪೂಜೆಯ ಪುಣ್ಯ ಗಿಡಕ್ಕೆ ನೀರೆರೆದವರಿಗೇ ಸಲ್ಲುತ್ತದೆಂಬುದು ಕಳೆದುಕೊಂಡವರ ಸಮಾಧಾನ. ಕೇಳದೆ ಮುರಿದು ತಂದ ಮನಿಪ್ಲಾಂಟಿನ ಕುಡಿಯೇ ಚೆನ್ನಾಗಿ ಹಬ್ಬುತ್ತದೆಂಬ ಇನ್ನೊಂದು ನಂಬಿಕೆಯೂ ಚಾಲ್ತಿಯಲ್ಲಿದ್ದು, ಇದನ್ನು ಹುಟ್ಟುಹಾಕಿದವರು ಗಿಡದ ಒಡೆಯರಾಗಿರಲಾರರೆಂದು ಧೈರ್ಯವಾಗಿ ಊಹಿಸಬಹುದು.

ಮನುಸ್ಮೃತಿ ಇಂಥ ಸಣ್ಣಪುಟ್ಟವುಗಳ ಬಗೆಗೆ ಧಾರಾಳವಾಗಿದೆ: ಗೆಡ್ಡೆ, ಹಣ್ಣು, ಅಗ್ನಿಕಾರ್ಯಕ್ಕೆ ಬೇಕಾದ ಸೌದೆ, ದನಕ್ಕೆ ಹುಲ್ಲು ಇವುಗಳನ್ನು ತೆಗೆದುಕೊಳ್ಳುವುದನ್ನು ಅದು ಕಳವೆಂದು ಎಣಿಸುವುದಿಲ್ಲ, ಬುತ್ತಿ ಮುಗಿದ ದ್ವಿಜ ದಾರಿಹೋಕ ಹೊಲದಿಂದ ಎರಡು ಕಬ್ಬು ಮುರಿದುಕೊಂಡರೆ ದಂಡವಿಲ್ಲವೆಂದು ಹೇಳುತ್ತದೆ. ಇದಕ್ಕಿಂತ ಹೆಚ್ಚು ಪ್ರಯೋಜನಕಾರಿಯಾದ ವಿವೇಚನೆ ಕನ್ನಡ ನಾಡಿನಲ್ಲಿಯೇ ನಡೆದಿದೆ. ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ರಾಜಧಾನಿಯಾಗಿದ್ದ ಕಲ್ಯಾಣದಲ್ಲಿ, ಎಂದರೆ ಇಂದಿನ ಬೀದರ್ ಜಿಲ್ಲೆಯ ಬಸವಕಲ್ಯಾಣದಲ್ಲಿ, ವಿಜ್ಞಾನೇಶ್ವರನು ಯಾಜ್ಞವಲ್ಕ್ಯ ಸ್ಮೃತಿಗೆ ಬರೆದ ‘ಮಿತಾಕ್ಷರಾ’ ವ್ಯಾಖ್ಯಾನವು ಪರರ ವಸ್ತು ನಮ್ಮ ಕೈಯಲ್ಲಿರುವ ಸ್ಥಿತಿಗಳನ್ನು ಬಿಡಿಬಿಡಿಯಾಗಿ ಹೆಸರಿಸುತ್ತದೆ. ಒಳಗೇನಿದೆಯೆಂದು ತಿಳಿಸದೆ ಮುದ್ರೆಯೊತ್ತಿ ಒಪ್ಪಿಸಿದ್ದು ಉಪನಿಧಿ. ಮನೆಯ ಯಜಮಾನನಿಲ್ಲದಾಗ ಮನೆಯವರ ಕೈಗೆ ಕೊಟ್ಟುಹೋದದ್ದು ನ್ಯಾಸ. ಎದುರಿನಲ್ಲಿಯೇ ಒಪ್ಪಿಸಿದ್ದು ನಿಕ್ಷೇಪ. ಮದುವೆ ಮುಂತಾದ ಉತ್ಸವಗಳಿಗೆಂದು ಬೇಡಿ ತಂದ ಬಟ್ಟೆ, ಒಡವೆಗಳು ಯಾಚಿತ. ನಂಬಿ ಇಟ್ಟದ್ದನ್ನು ಸ್ವೇಚ್ಛೆಯಿಂದ, ಒಡೆಯನ ಅನುಮತಿಯಿಲ್ಲದೆ ತನ್ನ ಲಾಭಕ್ಕೆ ಬಳಸಿಕೊಂಡವನು ದಂಡ ತೆರುವುದಲ್ಲದೆ ಆ ವಸ್ತುವನ್ನು ಲಾಭಸಮೇತ ಹಿಂದಿರುಗಿಸಬೇಕೆಂಬ ಉಪನಿಧಿಯ ನಿಯಮವನ್ನು ಸ್ಮೃತಿಯು ಯಾಚಿತಕ್ಕೂ ಅನ್ವಯಿಸಿದೆ. ಅತ್ತಿಗೆಯ ಮದುವೆಗೆಂದು ತಂದ ಪಕ್ಕದ ಮನೆಯ ಸರ ನಾದಿನಿಯ ಸೀಮಂತದ ಫೋಟೋದಲ್ಲಿಯೂ ಕಾಣಿಸಿಕೊಂಡಾಗ ಏಳುವ ಜಗಳಕ್ಕೆ ಎಂಟುನೂರು ವರ್ಷಗಳಿಗೂ ಹಿಂದೆಯೇ ತೀರ್ಪು ಸಿದ್ಧವಿತ್ತೆಂದಾಯಿತು.

ಆಧುನಿಕ ಕಾನೂನಿನ ನಿಲುವು ಇನ್ನೂ ಕುತೂಹಲಕರವಾಗಿದೆ. 1860ರ ಭಾರತೀಯ ದಂಡ ಸಂಹಿತೆಯ 378ನೆಯ ಕಲಮು ಕಳವಿಗೆ ಕೊಟ್ಟ ವ್ಯಾಖ್ಯೆಯೇ 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 303ನೆಯ ಕಲಮಿನಲ್ಲಿ ಮುಂದುವರಿದಿದೆ. ಅದರಂತೆ ಚರವಸ್ತುವೊಂದನ್ನು, ಅದು ಯಾರ ಸ್ವಾಧೀನದಲ್ಲಿದೆಯೋ ಅವರ ಸಮ್ಮತಿಯಿಲ್ಲದೆ, ಅಪ್ರಾಮಾಣಿಕವಾಗಿ ತೆಗೆದುಕೊಳ್ಳುವ ಉದ್ದೇಶದಿಂದ ಕದಲಿಸಿದರೆ ಸಾಕು, ಕಳವು ಪೂರ್ಣವಾಗುತ್ತದೆ. ಶಾಶ್ವತವಾಗಿ ಇಟ್ಟುಕೊಳ್ಳುವ ಉದ್ದೇಶ ಬೇಕಿಲ್ಲ. ಇಂಗ್ಲೆಂಡಿನ 1968ರ ಕಳವು ಕಾಯ್ದೆ ಒಡೆಯನಿಗೆ ಶಾಶ್ವತವಾಗಿ ತಪ್ಪಿಸುವ ಉದ್ದೇಶವನ್ನು ಕೇಳುತ್ತದೆ, ಭಾರತದ ಕಾನೂನು ಕೇಳುವುದಿಲ್ಲ. ಜೋಧಪುರದ ವಾಯುಪಡೆ ಅಕಾಡೆಮಿಯ ಕೆಡೆಟ್ ಒಬ್ಬನು ಜೊತೆಗಾರನೊಬ್ಬನೊಡನೆ 1952ರಲ್ಲಿ ಅನುಮತಿಯಿಲ್ಲದೆ ಹಾರ್ವರ್ಡ್ ವಿಮಾನವೊಂದನ್ನು ಹಾರಿಸಿಕೊಂಡು ಹೋಗಿ ಪಾಕಿಸ್ತಾನದಲ್ಲಿ ಇಳಿಸಿದ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 1957ರಲ್ಲಿ ಹೇಳಿದ್ದು ಇದನ್ನೇ: ತಾತ್ಕಾಲಿಕವಾಗಿ ಒಯ್ದರೂ ಕಳವು ಕಳವೇ. ಅಲ್ವಾರಿನ ಸರ್ಕಾರಿ ಕಚೇರಿಯೊಂದರ ಕಡತವನ್ನು ಮನೆಗೊಯ್ದು ಮರುದಿನವೇ ತಂದಿಟ್ಟ ನೌಕರನ ಪ್ರಕರಣದಲ್ಲಿಯೂ 1962ರಲ್ಲಿ ಅದೇ ತತ್ತ್ವ ಅನ್ವಯವಾಯಿತು. ಒಂದು ದಿನದ ಮಟ್ಟಿಗೆ ಒಯ್ದ ಕಡತ ಕಳವಿನ ಮಾಲಾದರೆ, ಒಂದು ದಿನದ ಮಟ್ಟಿಗೆ ಒಯ್ದ ಏಣಿಯ ಗತಿಯೇನು?

ದಂಡ ಸಂಹಿತೆಯ ಕರಡನ್ನು ಸಿದ್ಧಪಡಿಸಿದ ಮೆಕಾಲೆ ಈ ಕಷ್ಟವನ್ನು ಮೊದಲೇ ಕಂಡಿದ್ದನು. ಅಕ್ಷರಶಃ ನೋಡಿದರೆ ಇನ್ನೊಬ್ಬನ ಶಾಯಿಕುಡಿಕೆಯಲ್ಲಿ ಲೇಖನಿ ಅದ್ದುವುದೂ ಕಳವಾಗುತ್ತದೆ, ಆದರೆ ಇಂಥವುಗಳಿಲ್ಲದೆ ಮನುಷ್ಯರು ಒಟ್ಟಿಗೆ ಬಾಳಲಾಗದು ಎಂಬುದು ಕರಡಿನೊಡನಿದ್ದ ಟಿಪ್ಪಣಿಯ ಆಶಯ. ಸಾಮಾನ್ಯ ಬುದ್ಧಿ, ಸ್ವಭಾವದವರು ದೂರಲಾರದಷ್ಟು ಅಲ್ಪವಾದ ಹಾನಿ ಅಪರಾಧವಲ್ಲವೆಂಬ ವಿನಾಯಿತಿ ಹುಟ್ಟಿದ್ದು ಹೀಗೆ. ಕಳವಿನ ಕಲಮಿಗೆ ಜೋಡಿಸಿರುವ ದೃಷ್ಟಾಂತಗಳಲ್ಲಿ ಒಂದಂತೂ ನೇರವಾಗಿ ಈ ಲೇಖನದ ವಿಷಯವೇ ಆಗಿದೆ: ಸ್ನೇಹಿತನಿಲ್ಲದಾಗ ಅವನ ಪುಸ್ತಕದ ಕೋಣೆಗೆ ಹೋಗಿ, ಓದಿ ಹಿಂದಿರುಗಿಸುವ ಉದ್ದೇಶದಿಂದ ಪುಸ್ತಕವೊಂದನ್ನು ಒಯ್ದವನು, ಸ್ನೇಹಿತನ ಒಪ್ಪಿಗೆ ಇದ್ದೇ ಇರುತ್ತದೆಂದು ಪ್ರಾಮಾಣಿಕವಾಗಿ ಭಾವಿಸಿದ್ದರೆ ಕಳ್ಳನಲ್ಲ. ಬಾಯಿಬಿಟ್ಟು ಹೇಳದಿದ್ದರೂ ಸಂಬಂಧದಿಂದ, ಸನ್ನಿವೇಶದಿಂದ ತಿಳಿದುಬರುವ ಇಂಥ ಒಪ್ಪಿಗೆಯನ್ನು ಕಾನೂನು ‘ಸೂಚಿತ ಸಮ್ಮತಿ’ ಎನ್ನುತ್ತದೆ. ಪುಸ್ತಕಪ್ರಿಯರಲ್ಲಿ ಹಲವರು ಈ ದೃಷ್ಟಾಂತವನ್ನು ಒಪ್ಪಲಾರರು ಎಂಬುದು ಬೇರೆ ಮಾತು.

ಕಲಮುಗಳು ಹೀಗಿದ್ದರೂ ಏಣಿಗಾಗಿ ಪೊಲೀಸ್ ಠಾಣೆಯ ಮೆಟ್ಟಿಲು ಹತ್ತುವವರು ವಿರಳ. ಹೊಸ ಸಂಹಿತೆಯು 5,000 ರೂಪಾಯಿಗಿಂತ ಕಡಿಮೆ ಬೆಲೆಯ ವಸ್ತುವನ್ನು ಮೊದಲ ಬಾರಿಗೆ ಕದ್ದು, ಅದನ್ನೋ ಅದರ ಬೆಲೆಯನ್ನೋ ಹಿಂದಿರುಗಿಸಿದವರಿಗೆ ಸಮುದಾಯ ಸೇವೆಯ ಶಿಕ್ಷೆಯನ್ನು ವಿಧಿಸಿದೆ. ಕೇಳಿ ಪಡೆದ ವಸ್ತುವಿನ ವ್ಯವಹಾರವಾದರೆ 1872ರ ಕರಾರು ಕಾಯ್ದೆಯ ‘ಬೇಲ್‌ಮೆಂಟ್’ ಪ್ರಕರಣಕ್ಕೆ ಸೇರುತ್ತದೆ. ಒಂದು ಉದ್ದೇಶಕ್ಕಾಗಿ ವಸ್ತುವನ್ನು ಒಪ್ಪಿಸಿ, ಉದ್ದೇಶ ತೀರಿದ ಮೇಲೆ ಹಿಂದಕ್ಕೆ ಪಡೆಯುವ ಏರ್ಪಾಡೆಂದು ಅದರ ಅರ್ಥ. ಒಪ್ಪಿದ್ದಕ್ಕಿಂತ ಬೇರೆ ರೀತಿಯಲ್ಲಿ ಬಳಸಿ ಹಾಳಾದರೆ ಒಯ್ದವನೇ ಹೊಣೆ, ಅವಧಿ ಮುಗಿದ ಮೇಲೆ ಕೇಳದಿದ್ದರೂ ತಂದುಕೊಡಬೇಕು ಎಂದು ಅದು ವಿಧಿಸುತ್ತದೆ. ಕಾಯಿ ತುರಿಯಲೆಂದು ತಂದ ಮಿಕ್ಸಿಯಲ್ಲಿ ಅರಿಶಿನದ ಕೊಂಬು ಪುಡಿ ಮಾಡಿದವರು ಈ ಕಲಮಿನ ಕೆಳಗೆ ನಿಸ್ಸಂದೇಹವಾಗಿ ಬರುತ್ತಾರೆ.

ಸೂಚಿತ ಸಮ್ಮತಿಗೆ ಪರಿಚಯವೇ ಆಧಾರ. ಅಪಾರ್ಟ್‌ಮೆಂಟುಗಳಲ್ಲಿ ತಗ್ಗಿರುವುದು ಆ ಪರಿಚಯ, ಒಯ್ಯುವ ಅಭ್ಯಾಸವಲ್ಲ. ಬಾಗಿಲಾಚೆ ಬಿಟ್ಟ ಚಪ್ಪಲಿ, ಮೆಟ್ಟಿಲಡಿ ನಿಲ್ಲಿಸಿದ ಮಕ್ಕಳ ಸೈಕಲ್ಲು, ಟೆರೇಸಿನಲ್ಲಿ ಒಣಹಾಕಿದ ಬಟ್ಟೆಯ ಕ್ಲಿಪ್ಪುಗಳು ಇಲ್ಲಿಯೂ ಊರು ಸುತ್ತುತ್ತವೆ. ಬೆಳಗಿನ ಪತ್ರಿಕೆ ಒಡೆಯನಿಗಿಂತ ಮೊದಲು ಎದುರು ಮನೆಯವರಿಂದ ಓದಿಸಿಕೊಂಡು, ಹೊಸ ಮಡಿಕೆಗಳೊಡನೆ, ಕೆಲವೊಮ್ಮೆ ಪದಬಂಧ ತುಂಬಿಸಿಕೊಂಡು ಸ್ವಸ್ಥಾನಕ್ಕೆ ಮರಳುತ್ತದೆ. ಒಯ್ದವರು ಯಾರೆಂದು ಹೇಳಲು ಕಟ್ಟೆಯಿಲ್ಲ, ಕಟ್ಟೆಯ ಮೇಲೆ ಅಜ್ಜಿಯಿಲ್ಲ. ಆಕೆಯ ಸ್ಥಾನದಲ್ಲಿರುವ ಸಿ.ಸಿ. ಟಿವಿ ಕ್ಯಾಮೆರಾ ಒಯ್ದದ್ದನ್ನು ಮಾತ್ರ ಕಾಣುತ್ತದೆ, ಒಯ್ದವರ ಮನೆಗೆ ಆ ದಿನ ನೆಂಟರು ಬಂದಿದ್ದರೆಂಬುದನ್ನು ಕಾಣುವುದಿಲ್ಲ. ವಾಟ್ಸ್‌ಆ್ಯಪ್ ಗುಂಪಿನಲ್ಲಿ ‘ನಮ್ಮ ಸ್ಟೂಲನ್ನು ಯಾರಾದರೂ ನೋಡಿದ್ದೀರಾ’ ಎಂದು ಹಾಕಿದ ಸೌಮ್ಯವಾದ ಸಂದೇಶ ಇನ್ನೂರು ಮನೆಗಳಿಗೆ ಒಟ್ಟಿಗೆ ತಲುಪುವಾಗ ಆರೋಪದ ದನಿಯನ್ನು ಪಡೆದುಬಿಡುತ್ತದೆ.

ಪಾತ್ರೆಗಳ ಮಟ್ಟಿಗೆ ಕನ್ನಡದ ಮನೆಗಳು ಮೊದಲಿನಿಂದಲೂ ಯಾರನ್ನೂ ನಂಬಿಲ್ಲ. ಹೊಸ ಸ್ಟೀಲ್ ಡಬರಿಯನ್ನು ಕೊಂಡಾಗ ಅಂಗಡಿಯವನು ಗುರ್‌ಗುಟ್ಟುವ ಸಣ್ಣ ಯಂತ್ರದ ಮೊನೆಯಿಂದ ಅಂಚಿನ ಕೆಳಗೆ ಚುಕ್ಕೆಚುಕ್ಕೆಯಾಗಿ ಹೆಸರು ಕೊರೆದುಕೊಡುತ್ತಾನೆ. ಬಕೆಟ್ಟಿನ ತಳಕ್ಕೆ ಆಯಿಲ್ ಪೇಂಟಿನ ಬೊಟ್ಟು ಬೀಳುತ್ತದೆ. ಎರವಲು ಹೋದ ಪಾತ್ರೆಯನ್ನು ಬರಿದಾಗಿ ಹಿಂದಿರುಗಿಸಬಾರದೆಂಬ ರೂಢಿಯಿರುವುದರಿಂದ, ಅದರೊಳಗೆ ಹಾಕಿ ಕಳಿಸಲು ತಕ್ಕ ತಿಂಡಿ ಮನೆಯಲ್ಲಿ ಆಗುವವರೆಗೂ ಅದು ಒಯ್ದವರ ಅಡುಗೆಮನೆಯಲ್ಲಿಯೇ ಉಳಿಯುತ್ತದೆ. ಹಾಗೆ ಕಾಯುತ್ತ ಕಾಯುತ್ತ ಒಂದು ಮನೆಯವರಿಗೆ ವರ್ಗವಾಗಿ, ಇನ್ನೊಂದು ಮನೆಯವರು ಸ್ವಂತ ಮನೆಗೆ ಹೋಗಿ, ಎಷ್ಟೋ ಅಟ್ಟಗಳ ಮೇಲೆ ಇಂದಿಗೂ ಬೇರೆಯವರ ಹೆಸರಿನ ಪಾತ್ರೆಗಳು ಕುಳಿತಿವೆ. ಮನೆ ಬದಲಿಸುವಾಗ ಅವುಗಳನ್ನು ತಮ್ಮವುಗಳ ಜೊತೆಯಲ್ಲಿಯೇ ಗೋಣಿಗೆ ತುಂಬಿ ಒಯ್ಯಲಾಗುತ್ತದೆ.