ಭತ್ತದ ಪಾಲಿಗೆ ದುಡಿದ ಮೊದಲ ಅರಸ

ಅರಸನೆಂದರೆ ದೇವರ ಅಂಶ ಎಂದು ಕೇಳುತ್ತ ಬೆಳೆದವರು ನಾವು. ಬೌದ್ಧರ ಕಥೆ ಬೇರೆಯೇ. ನಾನಿರುವ ಚೆನ್ನೈನ ಎಗ್ಮೋರ್ ಮ್ಯೂಸಿಯಂನಲ್ಲಿ ಕೃಷ್ಣಾ ಕಣಿವೆಯ ಜಗ್ಗಯ್ಯಪೇಟೆ ಸ್ತೂಪದ ಒಂದು ಚಪ್ಪಡಿಯಿದೆ. ಅದರಲ್ಲಿ ಚಕ್ರವರ್ತಿ ಕೈಯೆತ್ತಿ ನಿಂತಿದ್ದಾನೆ. ಮೋಡದಿಂದ ಚೌಕ ನಾಣ್ಯಗಳು ಸುರಿಯುತ್ತಿವೆ. ಅರಸನ ಮೊದಲ ಗುರುತು ಕತ್ತಿಯಲ್ಲ, ಕೊಡುಗೆ.

ಈ ಕಲ್ಪನೆಯ ಬೇರು ಪಾಲಿಯ ದೀಘನಿಕಾಯದಲ್ಲಿದೆ. ಅಲ್ಲಿನ ಅಗ್ಗಞ್ಞ ಸುತ್ತದಲ್ಲಿ ವಾಸೆಟ್ಠ, ಭಾರದ್ವಾಜ ಎಂಬಿಬ್ಬರಿಗೆ ಬುದ್ಧ ಲೋಕದ ಹುಟ್ಟಿನ ಕಥೆ ಹೇಳುತ್ತಾನೆ. ಜನ ಭತ್ತದ ಗದ್ದೆಗಳನ್ನು ಹಂಚಿಕೊಂಡು ಬದು ಹಾಕಿದರು. ಒಬ್ಬ ಪಕ್ಕದವನ ಪಾಲಿಗೆ ಕೈಹಾಕಿದ. ಕಳವು, ಸುಳ್ಳು, ಹೊಡೆದಾಟ ಶುರುವಾದವು. ಆಗ ಎಲ್ಲರೂ ಸೇರಿ ತಮ್ಮೊಳಗಿನ ಸಮರ್ಥನೊಬ್ಬನನ್ನು ಆರಿಸಿ, ತಪ್ಪಿತಸ್ಥರನ್ನು ದಂಡಿಸುವ ಕೆಲಸ ಒಪ್ಪಿಸಿದರು. ಪ್ರತಿಯಾಗಿ ಭತ್ತದಲ್ಲಿ ಒಂದು ಪಾಲು. ಅವನೇ ಮಹಾಸಮ್ಮತ, ಎಂದರೆ ಬಹುಜನ ಒಪ್ಪಿದವನು. ನಮ್ಮಂಥ ಸಂಬಳದವರಿಗೆ ಈ ಲೆಕ್ಕ ಬೇಗ ಅರ್ಥವಾಗುತ್ತದೆ: ಕೆಲಸ ಮೊದಲು, ಪಾಲು ಆಮೇಲೆ.

ಆ ಕೆಲಸ ಬರೀ ದಂಡನೆಯಲ್ಲ ಎನ್ನುತ್ತದೆ ಅದೇ ಸಂಗ್ರಹದ ಚಕ್ಕವತ್ತಿ ಸೀಹನಾದ ಸುತ್ತ. ಅಲ್ಲಿ ಚಕ್ರರತ್ನ ಅಪ್ಪನಿಂದ ಮಗನಿಗೆ ಬರುವ ಆಸ್ತಿಯಲ್ಲ. ಧರ್ಮದಿಂದ ಆಳಿದವನಿಗಷ್ಟೇ ಅದು ಕಾಣಿಸಿಕೊಳ್ಳುತ್ತದೆ. ಒಬ್ಬ ಅರಸ ಪ್ರಜೆಗಳನ್ನು ಕಾಪಾಡಿದ, ಆದರೆ ಬಡವರಿಗೆ ಧನ ಕೊಡಲಿಲ್ಲ. ಬಡತನದಿಂದ ಕಳವು ಹುಟ್ಟಿತು. ಸಿಕ್ಕ ಕಳ್ಳನಿಗೆ ಹಣ ಕೊಟ್ಟು ಕಳಿಸಿದ. ಅದನ್ನು ಕೇಳಿ ಕಳ್ಳರು ಹೆಚ್ಚಿದರು. ತಲೆ ಕಡಿಸಿದ, ಕಳ್ಳರೂ ಆಯುಧ ಹಿಡಿದರು. ಹೀಗೆ ಕೆಡುತ್ತ ಕೆಡುತ್ತ 80,000 ವರ್ಷವಿದ್ದ ಮನುಷ್ಯನ ಆಯುಸ್ಸು 10ಕ್ಕೆ ಇಳಿಯಿತಂತೆ. ಸಂಖ್ಯೆ ಪುರಾಣದ್ದು, ತರ್ಕ ಪುರಾಣದ್ದಲ್ಲ. ಹಸಿವು ಬೆಳೆಯಲು ಬಿಟ್ಟ ಮೇಲೆ ಕರುಣೆಯೂ ಕೆಲಸ ಮಾಡಲಿಲ್ಲ, ಕತ್ತಿಯೂ ಮಾಡಲಿಲ್ಲ.

ಈ ವಿಚಾರ ನಮ್ಮ ನೆಲಕ್ಕೂ ಹೊರಗಿನದಲ್ಲ. 1986ರಲ್ಲಿ ಕಲಬುರಗಿ ಜಿಲ್ಲೆಯ ಸನ್ನತಿಯಲ್ಲಿ ದೇಗುಲವೊಂದರ ಮಾಡು ಕುಸಿದಾಗ ವಿಗ್ರಹದ ಪೀಠವಾಗಿದ್ದ ಕಲ್ಲಿನ ಮೇಲೆ ಅಶೋಕನ ಶಾಸನ ಸಿಕ್ಕಿತು. ಕಳಿಂಗದಲ್ಲಿ ಬರೆಸಿದ ಪ್ರತ್ಯೇಕ ಶಾಸನಗಳ ಪಾಠ ಅದರಲ್ಲೂ ಇದೆ. ಪ್ರಜೆಗಳೆಲ್ಲ ತನ್ನ ಮಕ್ಕಳೆಂದು ಹೇಳುವ ಆ ಶಾಸನಗಳು, ಕಾರಣವಿಲ್ಲದೆ ಯಾರನ್ನೂ ಸೆರೆಯಲ್ಲಿಟ್ಟು ಹಿಂಸಿಸಬಾರದೆಂದು ಅಧಿಕಾರಿಗಳನ್ನು ಎಚ್ಚರಿಸುತ್ತವೆ. ಪಕ್ಕದ ಕನಗನಹಳ್ಳಿಯ ಸ್ತೂಪದಲ್ಲಿ ‘ರಾಯೋ ಅಸೋಕೋ’ ಎಂಬ ಬರಹದೊಂದಿಗೆ ಅವನ ಶಿಲ್ಪವೂ ಸಿಕ್ಕಿದೆ.

ಇಂದು ಕಳವು ಹೆಚ್ಚಿದರೆ ನಾವು ಕೇಳುವ ಮೊದಲ ಪ್ರಶ್ನೆ, ಪೊಲೀಸರು ಏನು ಮಾಡುತ್ತಿದ್ದಾರೆ ಎಂಬುದು. ಆ ಹಳೆಯ ಕಥೆ ಅದಕ್ಕೂ ಹಿಂದೆ ಹೋಗಿ ಕೇಳುತ್ತದೆ: ಗದ್ದೆಯಲ್ಲಿ ಯಾರಿಗೆ ಪಾಲು ಸಿಗಲಿಲ್ಲ?