ನೆಲ್ಲಿಗೆ ಬಿದ್ದ ಉಪ್ಪಿಲು

ಯಳಂದೂರು ದಾಟಿ ಗುಂಬಳ್ಳಿ ಚೆಕ್‌ಪೋಸ್ಟಿನ ಅಡ್ಡಗಂಬ ಮೇಲೆದ್ದಿತೆಂದರೆ ಬಿಳಿಗಿರಿರಂಗನ ಬೆಟ್ಟದ ರಸ್ತೆ ಸುತ್ತಿಕೊಳ್ಳಲು ಶುರು. ಬುಡದಲ್ಲಿ ಮುಳ್ಳಿನ ಕುರುಚಲು ಕಾಡು. ಒಂದಷ್ಟು ತಿರುವು ಏರುವಷ್ಟರಲ್ಲಿ ದಿಂಡಿಗ, ಮತ್ತಿ, ಹೊನ್ನೆ. ಇನ್ನೂ ಮೇಲೆ ಹೋದರೆ ಗಾಳಿಗೆ ಮಲಗಿದ ಹುಲ್ಲುಗುಡ್ಡಗಳು, ಅವುಗಳ ಸಂದಿನಲ್ಲಿ ಕಪ್ಪಗೆ ಕೂತ ಶೋಲಾ ಕಾಡು. 600 ಮೀಟರಿನಿಂದ 1,800 ಮೀಟರಿನವರೆಗೆ ಏರುವ ಈ 540 ಚದರ ಕಿಲೋಮೀಟರಿನಲ್ಲಿ ಅರ್ಧ ದಕ್ಷಿಣ ಭಾರತದ ಕಾಡಿನ ಮಾದರಿ ಸಿಕ್ಕಿಬಿಡುತ್ತದೆ. ಹೆಚ್ಚಿನವರು ಗುಡಿಗೆ ಹೋಗುವ ಅವಸರದಲ್ಲಿ, ಇಲ್ಲವೇ ಹುಲಿ ಕಂಡೀತೆಂಬ ಆಸೆಯಲ್ಲಿ, ಈ ರಸ್ತೆ ಹಿಡಿಯುತ್ತಾರೆ. ನೆಲ್ಲಿಮರ ನೋಡಲೆಂದೇ ಬರುವವರು ಕಡಿಮೆ.

ಚಳಿಗಾಲದಲ್ಲಿ ಬಂದರೆ ಮರವನ್ನು ಹುಡುಕಬೇಕಾಗಿಲ್ಲ. ಮಚ್ಚೆಮಚ್ಚೆ ತೊಗಟೆ, ಹಳದಿಗೆ ತಿರುಗುತ್ತಿರುವ ಸಣ್ಣೆಲೆ, ರೆಂಬೆಗೆ ಅಂಟಿಕೊಂಡಂತೆ ಸಾಲುಸಾಲು ಕಾಯಿ. ಬೆಳಗಿನ ಮಂಜು ಇನ್ನೂ ಹರಿದಿರುವುದಿಲ್ಲ, ಪೋಡಿನಿಂದ, ಅಂದರೆ ಈ ಕಾಡಿನ ಆದಿವಾಸಿಗಳಾದ ಸೋಲಿಗರ ಹಾಡಿಯಿಂದ, ಹೊರಟವರು ಮರದಡಿ ಬಂದು ನಿಂತಿರುತ್ತಾರೆ. ಒಬ್ಬ ಮಚ್ಚನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಬರಿಗಾಲಲ್ಲಿ ಹತ್ತುತ್ತಾನೆ. ಕೆಳಗೆ ಹೆಂಗಸರು, ಮಕ್ಕಳು. ರೆಂಬೆ ಅಲುಗಿದೊಡನೆ ಕಾಯಿ ತರಗೆಲೆಯ ಮೇಲೆ ತಟತಟ ಬೀಳುತ್ತದೆ. ಇಳಿಜಾರಿಗೆ ಉರುಳಿದ್ದನ್ನು ಮಕ್ಕಳು ಓಡಿ ಹಿಡಿಯುತ್ತಾರೆ. ಮೊದಲ ಕಾಯಿಯನ್ನು ಕಚ್ಚಿ ಮುಖ ಹಿಂಡಿಕೊಳ್ಳದವರಿಲ್ಲ. ಚೀಲ ತುಂಬಿ, ಬಾಯಿ ಹೊಲಿದು, ಹೆಗಲ ಮೇಲೆ ಹೊತ್ತರೆ ಅದರ ಪಯಣ ಆದಿವಾಸಿಗಳ ಸಹಕಾರ ಸಂಘವಾದ ಲ್ಯಾಂಪ್ಸ್ ಸೊಸೈಟಿಯ ತಕ್ಕಡಿಯ ಕಡೆಗೆ. ಅಲ್ಲಿಂದ ಮುಂದೆ ಅದು ಉಪ್ಪಿನಕಾಯಿಯೋ, ಚ್ಯವನಪ್ರಾಶವೋ, ತಲೆಗೆ ಹಚ್ಚುವ ಎಣ್ಣೆಯೋ ಆಗುತ್ತದೆ.

ಎಲ್ಲ ಕಾಯಿಯೂ ಚೀಲಕ್ಕೆ ಹೋಗುವುದಿಲ್ಲ. ಉದುರಿದ್ದನ್ನು ಸಂಜೆ ಚುಕ್ಕೆ ಜಿಂಕೆಯೂ ಕಾಡುಕುರಿಯೂ ಬಂದು ತಿನ್ನುತ್ತವೆ. ಎಲ್ಲೋ ನೆರಳಲ್ಲಿ ಕೂತು ಮೆಲುಕು ಹಾಕುವಾಗ ಗಟ್ಟಿ ಬೀಜವನ್ನು ಉಗಿಯುತ್ತವೆ. ಮುಂದಿನ ನೆಲ್ಲಿಮರ ಹುಟ್ಟುವುದು ಹೀಗೆ. ಆದ್ದರಿಂದ ಕೊಯ್ಯುವವರು ಎಷ್ಟು ಬಿಟ್ಟರು ಎಂಬ ಪ್ರಶ್ನೆ ಸಸಿಯ ಪ್ರಶ್ನೆಯೂ ಹೌದು, ಜಿಂಕೆಯ ಪ್ರಶ್ನೆಯೂ ಹೌದು. ಹುಲಿಯ ಕಾಡಿನಲ್ಲಿ ಜಿಂಕೆಯ ಪ್ರಶ್ನೆ ಎಂದರೆ ಹುಲಿಯ ಪ್ರಶ್ನೆಯೇ.

ಈ ಪ್ರಶ್ನೆ ಹಿಡಿದು ಬಂದವರ ಕೆಲಸ ನೋಡಲು ಅಷ್ಟೇನೂ ರೋಚಕವಲ್ಲ. ಬೆಂಗಳೂರಿನ ಪರಿಸರ ಸಂಶೋಧನಾ ಸಂಸ್ಥೆ ಏಟ್ರೀಯವರು ಇಲ್ಲೇ ಬೀಡುಬಿಟ್ಟು 1990ರ ದಶಕದಿಂದ ನೆಲ್ಲಿಯ ಬೆನ್ನು ಹತ್ತಿದ್ದಾರೆ. ಮರಕ್ಕೊಂದು ನಂಬರು, ಎದೆಮಟ್ಟದಲ್ಲಿ ಟೇಪು ಸುತ್ತಿ ಕಾಂಡದ ಅಳತೆ. ಒಂದು ರೆಂಬೆಯ ಕಾಯಿ ಎಣಿಸಿ, ಅಂಥ ರೆಂಬೆ ಎಷ್ಟಿವೆಯೆಂದು ಕತ್ತೆತ್ತಿ ನೋಡಿ, ಇಡೀ ಮರದ ಅಂದಾಜು. ಆಮೇಲೆ ಮಂಡಿಯೂರಿ ಸಸಿಗಳ ಎಣಿಕೆ. ಮುಂದಿನ ವರ್ಷ ಮತ್ತದೇ ಮರ, ಮತ್ತದೇ ಟೇಪು. ಇದನ್ನು ವರ್ಷಗಟ್ಟಲೆ ಬಿಡದೆ ಮಾಡಬಲ್ಲವರನ್ನು ಕಂಡರೆ ನನಗೆ ಸಾಧುಗಳನ್ನು ಕಂಡಷ್ಟೇ ಗೌರವ.

ಅಧಿಕಾರಿಗಳ ಕಡತದಲ್ಲಿ ಆರೋಪಿ ಮೊದಲೇ ಗೊತ್ತಾಗಿದ್ದ. ನೆಲ್ಲಿ ಕ್ಷೀಣಿಸುತ್ತಿದ್ದರೆ ಅದಕ್ಕೆ ಕೊಯ್ಯುವವನೇ ಕಾರಣ ಎಂಬ ತರ್ಕ ಕುರ್ಚಿಯಲ್ಲಿ ಕೂತವರಿಗೆ ಸುಲಭವಾಗಿ ಹೊಳೆಯುತ್ತದೆ. ಪೋಡಿನ ಹಿರಿಯರು ಮಾತ್ರ ಬೇರೆ ಕಡೆಗೆ ಕೈ ತೋರಿಸುತ್ತಿದ್ದರು. ಕೈ ತೋರಿಸುತ್ತಿದ್ದದ್ದು ಮೇಲಕ್ಕೆ.

ತಲೆ ಎತ್ತಿ ನೋಡಿದರೆ ನೆಲ್ಲಿಯ ಸಣ್ಣೆಲೆಗಳ ನಡುವೆ ದಪ್ಪ ಎಲೆಯ ಇನ್ನೊಂದು ಗಿಡ, ಯಾರದೋ ಜಗಲಿಯಲ್ಲಿ ಬಂದು ಕೂತು ಮನೆಯನ್ನೇ ತನ್ನದು ಮಾಡಿಕೊಂಡ ನೆಂಟನ ಹಾಗೆ. ನಮ್ಮ ಬಯಲುಸೀಮೆಯವರು ಬದನಿಕೆ ಎನ್ನುವ ಈ ಪರಾವಲಂಬಿಗೆ ಸೋಲಿಗರು ಉಪ್ಪಿಲು ಎನ್ನುತ್ತಾರೆ. ಮುಷ್ಟಿಯೊಳಗೆ ಮುಚ್ಚಿಹೋಗುವಷ್ಟು ಪುಟ್ಟ ಬದನಿಕೆ ಹಕ್ಕಿ ಅದರ ಹಣ್ಣು ತಿಂದು, ಅಂಟಂಟು ಬೀಜವನ್ನು ರೆಂಬೆಗೆ ಒರೆಸಿ ಹಾರುತ್ತದೆ. ಬೀಜ ಅಲ್ಲೇ ಮೊಳೆತು, ತೊಗಟೆಯೊಳಕ್ಕೆ ಬೇರಿಳಿಸಿ, ನೆಲ್ಲಿ ಹೀರಿದ ನೀರನ್ನೇ ಹೀರುತ್ತದೆ. ಮೊದಲು ಆ ರೆಂಬೆಯಲ್ಲಿ ಕಾಯಿ ಕಡಿಮೆಯಾಗುತ್ತದೆ, ಬಳಿಕ ರೆಂಬೆ ಒಣಗುತ್ತದೆ, ಕೊನೆಗೆ ಮರ.

ಕೆಳಗೆ ಇನ್ನೊಬ್ಬ, ಇವನು ಪರದೇಶಿ. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಅಲಂಕಾರದ ಗಿಡವಾಗಿ ಭಾರತಕ್ಕೆ ಬಂದ ಲಂಟಾನ. ಬಣ್ಣಬಣ್ಣದ ಹೂಗೊಂಚಲು, ಕೈ ಗೀರುವ ಕಾಂಡ, ತಿಕ್ಕಿದರೆ ಮೂಗಿಗೆ ಹೊಡೆಯುವ ವಾಸನೆ. ಹಿಂದೆ ಕಾಡಿನಲ್ಲಿ ಎದುರಿನ ಮರದಾಚೆ ಆನೆ ನಿಂತಿದ್ದರೆ ಕಾಣುತ್ತಿತ್ತು, ಈಗ ಈ ಪೊದೆಯ ಗೋಡೆಯಾಚೆ ಉಸಿರು ಬಿಟ್ಟಾಗಲೇ ತಿಳಿಯುವುದು ಎಂಬುದು ಇಲ್ಲಿ ಕಾಯಿ, ಜೇನಿಗೆ ತಿರುಗುವವರ ದಿನನಿತ್ಯದ ದಿಗಿಲು. ಭರತ್ ಸುಂದರಂ ಮತ್ತು ಅಂಕಿಲಾ ಹಿರೇಮಠ್ ಇಡೀ ಅಭಯಾರಣ್ಯವನ್ನು ಚೌಕ ಹಾಕಿ, 134 ಕಡೆ ನಿಂತು, ಹಳೆಯ ಸಮೀಕ್ಷೆಗೆ ಹೋಲಿಸಿ ನೋಡಿದರು. 1997ರಲ್ಲಿ ಶೇ. 41ರಷ್ಟು ತಾಣಗಳಲ್ಲಿದ್ದ ಲಂಟಾನ 2008ರ ಹೊತ್ತಿಗೆ ಶೇ. 81ರಷ್ಟು ತಾಣಗಳಲ್ಲಿತ್ತು. ಹನ್ನೊಂದು ವರ್ಷದಲ್ಲಿ ಇಮ್ಮಡಿ! ಈ ದಟ್ಟ ನೆರಳಿನಡಿ ಬಿಸಿಲು ಬೇಡುವ ನೆಲ್ಲಿಯ ಸಸಿ ಏಳುವುದಾದರೂ ಹೇಗೆ?

ಹವಾಯಿ ವಿಶ್ವವಿದ್ಯಾಲಯದ ತಮಾರಾ ಟಿಕ್ಟಿನ್, ಏಟ್ರೀಯ ಆರ್. ಗಣೇಶನ್, ಸಿದ್ದಪ್ಪ ಸೆಟ್ಟಿ ಮುಂತಾದವರು ಹತ್ತು ವರ್ಷದ ಎಣಿಕೆಯನ್ನು ಒಟ್ಟುಗೂಡಿಸಿ 2012ರಲ್ಲಿ ಪ್ರಕಟಿಸಿದ ಲೆಕ್ಕ ಈ ಎರಡನ್ನೂ ತೂಕಕ್ಕಿಟ್ಟಿತು. ಇಲ್ಲಿ ಬೆಳೆಯುವ ಎರಡು ಜಾತಿಯ ನೆಲ್ಲಿಗೂ ಕಾಯಿ ಕೊಯ್ಲಿಗಿಂತ ಬದನಿಕೆ ಮತ್ತು ಲಂಟಾನಗಳ ಹೊಡೆತವೇ ದೊಡ್ಡದು ಎಂಬುದು ಅದರ ಸಾರ. ಹಿರಿಯರು ಕೈ ತೋರಿಸಿದ್ದ ದಿಕ್ಕು ಸರಿಯಾಗಿತ್ತು.

ಆದರೆ ಆ ಹಿರಿಯರ ಮಾತು ಅಷ್ಟಕ್ಕೇ ನಿಲ್ಲುತ್ತಿರಲಿಲ್ಲ. ಉಪ್ಪಿಲೂ ಲಂಟಾನವೂ ಇಷ್ಟು ಏರಿದ್ದಕ್ಕೆ ತರಗು ಬೆಂಕಿ ನಿಂತದ್ದೇ ಕಾರಣ ಎಂಬುದು ಅವರ ವಾದ. ಚಳಿಗಾಲ ಮುಗಿಯುವ ಮುನ್ನ, ನೆಲದಲ್ಲಿ ಇನ್ನೂ ತುಸು ಪಸೆ ಇರುವಾಗ, ಉದುರಿದ ಎಲೆಗೆ ಹಚ್ಚುವ ಕಿಡಿ. ಅದು ಮೊಣಕಾಲಿಗಿಂತ ಮೇಲೇಳದೆ ಸರಸರ ಹರಿದು, ಹೊಗೆ ಬಿಟ್ಟು, ಆರಿಹೋಗುತ್ತಿತ್ತು. ಲಂಟಾನದ ಬೀಜ, ಎಳೆಗಿಡ ಸುಡುತ್ತಿತ್ತು. ಶಾಖಕ್ಕೂ ಹೊಗೆಗೂ ಉಪ್ಪಿಲು ಬಾಡುತ್ತಿತ್ತು. ಮಳೆ ಬಿದ್ದೊಡನೆ ಹುಲ್ಲು ಚಿಗುರಿ ಜಿಂಕೆ ಬರುತ್ತಿತ್ತು. 1974ರಲ್ಲಿ ಕಾಡು ಅಭಯಾರಣ್ಯವಾಯಿತು, ಗುಡ್ಡದಿಂದ ಗುಡ್ಡಕ್ಕೆ ಬೇಸಾಯ ಸಾಗಿಸುತ್ತಿದ್ದವರು ಒಂದೆಡೆ ಕೂರಬೇಕಾಯಿತು, ಬೆಂಕಿ ಹಚ್ಚುವುದು ಅಪರಾಧವಾಗಿಯೇ ಉಳಿಯಿತು.

ನನಗೆ ಈ ಇಡೀ ಕಥೆಯಲ್ಲಿ ಹೆಚ್ಚು ಇಷ್ಟವಾದದ್ದು ಇಲ್ಲಿನ ಒಂದು ತಿರುವು. 2005ರಲ್ಲಿ ಹಿರೇಮಠ್ ಮತ್ತು ಸುಂದರಂ ಒಂದು ಊಹೆ ಮುಂದಿಟ್ಟಿದ್ದರು: ಬೆಂಕಿ ಬಿದ್ದಲ್ಲಿ ಲಂಟಾನ ಹಬ್ಬುತ್ತದೆ, ಲಂಟಾನ ಒಣಗಿ ಇನ್ನೂ ದೊಡ್ಡ ಬೆಂಕಿಗೆ ಸೌದೆಯಾಗುತ್ತದೆ, ಇದು ಬಿಡಿಸಲಾಗದ ಸುಳಿ. ಅದೇ ಸಂಶೋಧಕರು ಪೋಡುಗಳಿಗೆ ಹೋಗಿ ಹಿರಿಯರನ್ನು ಕೇಳಿದಾಗ ಸಿಕ್ಕಿದ್ದು ತದ್ವಿರುದ್ಧ ಉತ್ತರ. ಅದನ್ನು ಅವರು ಮುಚ್ಚಿಡಲಿಲ್ಲ, ಸಂಗಡಿಗರೊಡನೆ 2012ರಲ್ಲಿ ಪ್ರಬಂಧವಾಗಿಯೇ ಬರೆದರು. ಬೆಂಕಿಯಲ್ಲೂ ಜಾತಿಗಳಿವೆ. ಜನವರಿಯ ತರಗು ಬೆಂಕಿಯೇ ಬೇರೆ, ಮಾರ್ಚ್ ಕೊನೆಯಲ್ಲಿ ಆಳೆತ್ತರದ ಒಣ ಲಂಟಾನ ಹಿಡಿದು ಮರದ ತುದಿಗೇರುವ ಬೆಂಕಿಯೇ ಬೇರೆ. ಕಾನೂನಿಗೆ ಎರಡೂ ಒಂದೇ. ಇನ್ನೊಂದು ತೊಡಕೂ ಇದೆ: ಯಾವ ಬೆಂಕಿಯೂ ನೆಲ್ಲಿಯ ಎಳೆ ಸಸಿಯನ್ನು ನೋಡಿಕೊಂಡು ದಾಟುವುದಿಲ್ಲ. ಲಂಟಾನ ಈಗಾಗಲೇ ಕವಿದಿರುವ ಕಾಡಿಗೆ ಹಳೆಯ ಕಿಡಿಯನ್ನು ಹಾಗೆಯೇ ತಂದು ಹಚ್ಚಿದರೆ ಅದು ತರಗು ಬೆಂಕಿಯಾಗಿ ಉಳಿಯದು. ಮೊದಲು ಪೊದೆ ಕಡಿಯಬೇಕು, ಆಮೇಲೆ ಬೆಂಕಿಯ ಮಾತು.

ಉಪ್ಪಿಲಿನ ಮಟ್ಟಿಗೆ ಪರಿಹಾರ ಅಷ್ಟು ಗೋಜಲಿನದಲ್ಲ. ಕಾಯಿಗೆಂದು ಮರ ಹತ್ತಿದವನು ಅದೇ ಮಚ್ಚಿನಲ್ಲಿ ಉಪ್ಪಿಲು ಹಿಡಿದ ರೆಂಬೆಯನ್ನೂ ಕಡಿದುಹಾಕಿದರೆ ಆಯಿತು. ಸಂಶೋಧಕರೂ ಕೊಯ್ಯುವವರೂ ಕೂಡಿ ನಡೆಸಿದ ಉಸ್ತುವಾರಿಯಲ್ಲಿ ಇದೂ ಒಂದು ಕಟ್ಟಳೆ. ಆರೋಗ್ಯದ ರೆಂಬೆ ಕಡಿಯಬಾರದು, ಸ್ವಲ್ಪ ಕಾಯಿ ಬಿಡಬೇಕು ಎಂಬುವು ಉಳಿದವು. ಸಿದ್ದಪ್ಪ ಸೆಟ್ಟಿ, ಕಮಲ್ ಬಾವಾ, ಟಿಕ್ಟಿನ್ ಮತ್ತು ಸೋಲಿಗ ಸಮುದಾಯದವರೇ ಆದ ಸಿ. ಮಾದೇಗೌಡ ಈ ಪ್ರಯೋಗವನ್ನು 2008ರಲ್ಲಿ ಬರೆದಿಟ್ಟಿದ್ದಾರೆ. ಬಹುಪಾಲು ಜನರಿಗೆ ಹೇಗೆ ಕೊಯ್ಯಬೇಕೆಂಬುದು ಗೊತ್ತಿದೆ, ಆದರೆ ಕಾಡಿನ ಮೇಲೆ ಖಾತ್ರಿಯಾದ ಹಕ್ಕಿಲ್ಲದಿದ್ದರೆ ಗೊತ್ತಿದ್ದದ್ದು ಕೈಗೆ ಇಳಿಯುವುದಿಲ್ಲ ಎಂದು ಅವರು ಕಂಡರು. ನಾಳೆ ಈ ಮರ ನನ್ನ ಪಾಲಿಗೆ ಇರುತ್ತದೋ ಇಲ್ಲವೋ ಎನ್ನುವವನು ಇಂದು ಕಾಯಿ ಬಿಟ್ಟು ಬರುವುದು ಕಷ್ಟವೇ.

ಆ ಭಯ ಬರೀ ಊಹೆಯಾಗಿರಲಿಲ್ಲ. ವನ್ಯಜೀವಿ ಕಾಯ್ದೆಯ ತಿದ್ದುಪಡಿಯನ್ನು ಹಿಡಿದು 2006ರಲ್ಲಿ ಇಲ್ಲಿ ಮಾರಾಟಕ್ಕೆಂದು ಕಿರು ಅರಣ್ಯ ಉತ್ಪನ್ನ ತೆಗೆಯುವುದನ್ನೇ ನಿಲ್ಲಿಸಲಾಯಿತು. ಕಾಯಿಗೆ ಮರ ಹತ್ತುವವರು ನಿಂತರೆ ಉಪ್ಪಿಲು ಕಡಿಯುವವರೂ ನಿಂತಂತೆ. ಈ ಕೂಡಿಸಿ ಕಳೆಯುವ ಲೆಕ್ಕ ಆದೇಶ ಬರೆದವರಿಗೆ ಹೊಳೆದಂತಿಲ್ಲ. 2011ರ ಜನವರಿಯಲ್ಲಿ ಈ ಕಾಡು ಹುಲಿ ಸಂರಕ್ಷಿತ ಪ್ರದೇಶವಾಯಿತು. ಅರಣ್ಯ ಹಕ್ಕು ಕಾಯ್ದೆಯಡಿ ಇಲ್ಲಿನ ಗ್ರಾಮಸಭೆಗಳಿಗೆ ಸಮುದಾಯ ಹಕ್ಕುಪತ್ರ ಸಿಕ್ಕಿದ್ದೂ ಅದೇ ವರ್ಷ. ಹುಲಿಗೂ ಸೋಲಿಗರಿಗೂ ಒಂದೇ ವರ್ಷದಲ್ಲಿ ಕಾಗದ. ನೆಲ್ಲಿ, ಜೇನು, ಪಾಚಿ ತೆಗೆಯುವುದು ಅದರಿಂದ ಹಕ್ಕಿನ ಮಾತಾಯಿತು. ತರಗು ಬೆಂಕಿಗೆ ಆ ಕಾಗದದಲ್ಲಿ ಜಾಗವಿಲ್ಲ. ಅದನ್ನು ಹಚ್ಚಲು ಯಾವ ವಾರ ಸರಿ, ಗಾಳಿ ಎತ್ತಲಿಂದ ಬೀಸಬೇಕು, ಎಲ್ಲಿ ನಿಲ್ಲಿಸಬೇಕು ಎಂಬುದನ್ನು ಕೈಯಾರೆ ಮಾಡಿ ಬಲ್ಲವರಿಗೆ ಈಗ ವಯಸ್ಸಾಗಿದೆ. ನೆಲ್ಲಿಯ ಸುತ್ತಳತೆಯನ್ನು ಮುಂದಿನ ವರ್ಷವೂ ಅಳೆಯಬಹುದು. ಈ ತಿಳಿವನ್ನು ಅಳೆದು ಬರೆದಿಡುವುದಾದರೆ, ಒಂದೆರಡು ತುಂಡು ನೆಲದಲ್ಲಾದರೂ ಇಲಾಖೆ ಅವರ ಕೈಗೆ ಕಡ್ಡಿಪೆಟ್ಟಿಗೆ ಕೊಡಬೇಕು, ಮಗ್ಗುಲಲ್ಲಿ ಟೇಪು ಹಿಡಿದವರೂ ನೀರಿನ ಡ್ರಮ್ಮು ಹಿಡಿದವರೂ ನಿಂತಿರಬೇಕು.