ಕವಾಟದ ರೋಗಿಗೆ ಯಾವ ಅರಿವಳಿಕೆ ಹಿತ?

ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳಿಂದ ನಮ್ಮಲ್ಲಿಗೆ ಬರುವ ಭಕ್ತರಲ್ಲಿ, ಬಾಲ್ಯದ ಕೀಲುವಾತ ಜ್ವರದಿಂದ ಹೃದಯದ ಕವಾಟ ಕೆಟ್ಟವರೂ ಉಂಟು. ಅಂಥವರಿಗೆ ಹರ್ನಿಯಾ, ಗರ್ಭಕೋಶ ಇಲ್ಲವೆ ಸೊಂಟದ ಎಲುಬಿನ ಶಸ್ತ್ರಚಿಕಿತ್ಸೆ ಒದಗಿದಾಗ ಮನೆಯವರು ಕೇಳುವುದು ಹೀಗೆ: “ಹಾರ್ಟ್ ವೀಕ್ ಅದ್ರಿ, ಪೂರಾ ಮಂಪರು ಬ್ಯಾಡ್ರಿ. ಬೆನ್ನಿಗೆ ಸೂಜಿ ಕೊಟ್ರ ಸಾಕಲ್ಲೇನ್ರಿ?” ಈ ಮಾತಿನಲ್ಲಿ ಕಾಳಜಿಯಿದೆ. ಆದರೆ ಎಲ್ಲ ಕವಾಟದ ರೋಗಿಗಳಿಗೂ ಇದು ಸಲ್ಲದು.

ಕವಾಟವೆಂದರೆ ರಕ್ತ ಒಂದೇ ದಿಕ್ಕಿಗೆ ಹರಿಯುವಂತೆ ಕಾಯುವ ಬಾಗಿಲು. ಮಹಾಧಮನಿಯ ಕವಾಟದ ಬಾಯಿ ಸಹಜವಾಗಿ 3ರಿಂದ 4 ಚದರ ಸೆಂಟಿಮೀಟರ್ ಇರುತ್ತದೆ. 1ಕ್ಕಿಂತ ಕಿರಿದಾದರೆ ರೋಗ ತೀವ್ರವೆಂದೇ ಲೆಕ್ಕ. ಬೆನ್ನಿಗೆ ಕೊಡುವ ಸೂಜಿಮದ್ದು ರಕ್ತನಾಳಗಳನ್ನು ಒಮ್ಮೆಲೇ ಸಡಿಲಿಸಿ ರಕ್ತದೊತ್ತಡವನ್ನು ಇಳಿಸುತ್ತದೆ. ಆರೋಗ್ಯವಂತ ಹೃದಯ ಹೆಚ್ಚು ರಕ್ತ ತಳ್ಳಿ ಇದನ್ನು ಸರಿದೂಗಿಸುತ್ತದೆ. ಬಾಗಿಲು ಕಿರಿದಾದ ಹೃದಯಕ್ಕೆ ಆ ಶಕ್ತಿಯಿಲ್ಲ. ಹೃದಯದ ಸ್ನಾಯುವಿಗೇ ರಕ್ತ ಸಾಲದೆ ಪ್ರಾಣಾಪಾಯವಾಗಬಹುದು.

ಮೈಟ್ರಲ್ ಕವಾಟ ಕಿರಿದಾದವರ ಸಂಕಟ ಬೇರೆ. ಅವರ ನಾಡಿ ವೇಗಗೊಂಡರೆ ಹೃದಯದ ಕೋಣೆ ತುಂಬಲು ಸಮಯ ಸಾಲದೆ ಶ್ವಾಸಕೋಶದಲ್ಲಿ ನೀರು ತುಂಬುತ್ತದೆ. ಕವಾಟ ಸೋರುವವರಲ್ಲಿ ರಕ್ತದೊತ್ತಡ ಏರಿದರೆ ಸೋರಿಕೆ ಹೆಚ್ಚುತ್ತದೆ. ಅಂಥ ಅನೇಕರಿಗೆ ಬೆನ್ನಿನ ಸೂಜಿಯೇ ಒಗ್ಗುತ್ತದೆ.

ಆದ್ದರಿಂದ ಅರಿವಳಿಕೆ ತಜ್ಞರು ಮೊದಲು ಯಾವ ಕವಾಟ, ಕಿರಿದೋ ಸೋರಿಕೆಯೋ, ಎಷ್ಟು ತೀವ್ರ ಎಂಬುದನ್ನು ಎಕೋ ಪರೀಕ್ಷೆಯಿಂದ ತಿಳಿಯುತ್ತಾರೆ. ಅನಂತರವೇ ಕೈಕಾಲಿನ ನರವನ್ನಷ್ಟೇ ಮರಗಟ್ಟಿಸುವುದೋ, ಬೆನ್ನಿನಲ್ಲಿ ಸಣ್ಣ ನಳಿಕೆಯಿರಿಸಿ ಮದ್ದನ್ನು ತುಸುತುಸುವೇ ಕೊಡುವುದೋ, ರಕ್ತದೊತ್ತಡವನ್ನು ಕ್ಷಣಕ್ಷಣಕ್ಕೂ ಗಮನಿಸುತ್ತ ಪೂರ್ಣ ಮಂಪರು ಕೊಡುವುದೋ ಎಂದು ನಿರ್ಧರಿಸುತ್ತಾರೆ. ಪೂರ್ಣ ಮಂಪರಿಗೂ ಅದರದೇ ಅಪಾಯಗಳುಂಟು. ಅದನ್ನು ನಿಧಾನವಾಗಿ, ಅಳೆದು ಕೊಡಬೇಕಾಗುತ್ತದೆ.

ಆಯುರ್ವೇದ ವೈದ್ಯರಾದ ನಮಗೆ ಈ ಆಯ್ಕೆಯ ಅಧಿಕಾರವಿಲ್ಲ. ಆದರೆ ರೋಗಿಯ ಕರ್ತವ್ಯವನ್ನು ನೆನಪಿಸಬಲ್ಲೆವು. ಶಸ್ತ್ರಚಿಕಿತ್ಸೆ ಮುಂದೆ ಹೋದೀತೆಂದು ಹೃದ್ರೋಗವನ್ನು ಮುಚ್ಚಿಡಬೇಡಿ. ಹಳೆಯ ಎಕೋ ವರದಿಯನ್ನು ಜೊತೆಗೆ ಒಯ್ಯಿರಿ. ಇಲ್ಲದಿದ್ದರೆ ಕಲಬುರಗಿಯ ಜಯದೇವ ಹೃದ್ರೋಗ ಸಂಸ್ಥೆಯಂಥ ಕಡೆ ಮಾಡಿಸಿರಿ. ರಕ್ತ ತೆಳುಮಾಡುವ ಮಾತ್ರೆ ಸೇವಿಸುತ್ತಿದ್ದರೆ ತಪ್ಪದೆ ಹೇಳಿರಿ, ಏಕೆಂದರೆ ಅಂಥವರಿಗೆ ಬೆನ್ನಿನ ಸೂಜಿ ಹಾಕಿದರೆ ರಕ್ತ ಒಸರಿ ಬೆನ್ನುಹುರಿಯನ್ನು ಒತ್ತಬಹುದು. ಹಾಗೆಂದು ಮಾತ್ರೆಯನ್ನು ತಾವಾಗಿ ನಿಲ್ಲಿಸುವುದೂ ಅಪಾಯ. ಕವಾಟದಲ್ಲಿ ಗರಣೆ ಕಟ್ಟೀತು. ನಾವು ಕೊಟ್ಟ ಗುಗ್ಗುಳು, ಅಶ್ವಗಂಧ, ಬೆಳ್ಳುಳ್ಳಿಯ ಔಷಧಗಳನ್ನೂ ಹೆಸರಿಸಿ ತಿಳಿಸಿರಿ. “ಗಿಡಮೂಲಿಕೆ ತಾನೆ” ಎಂಬ ಸಂಕೋಚ ಬೇಡ.

“ಬೆನ್ನಿಗೆ ಸೂಜಿ ಸಾಕಲ್ಲವೇ?” ಎನ್ನುವ ಬದಲು “ನಮ್ಮವರ ಕವಾಟಕ್ಕೆ ಯಾವುದು ಹಿತ?” ಎಂದು ಕೇಳಿರಿ.